ಪಲ್ಪರ್ ತಿರುವಿನಲ್ಲಿ ನಿಂತುಹೋದ ‘ಈಗ’

ಶನಿವಾರ ಮಧ್ಯಾಹ್ನ ನಾನು ಒಬ್ಬ ಬಾಹ್ಯಾಕಾಶದ ಕ್ಯಾಪ್ಟನ್‌ಗೆ ಮೂರ್ಖ ಅಂದೆ. ಭಾನುವಾರ ಬೆಳಿಗ್ಗೆ ಆ ಬಿರುದು ನನಗೇ ಬಂತು. ಮಧ್ಯೆ ಇಪ್ಪತ್ತು ಗಂಟೆಯೂ ಆಗಿರಲಿಲ್ಲ.

ಕ್ಯಾಪ್ಟನ್ ಇದ್ದದ್ದು ನಮ್ಮ ಮನೆ ಟಿವಿಯಲ್ಲಿ. ನೋಡುತ್ತಿದ್ದವರು ಮೂವರು: ನಾನು, ನಮ್ಮ ತೋಟದ ರೈಟರ್ ಮಂಜಣ್ಣ, ಅವನ ಮಗಳು ಚೈತ್ರ. (ರೈಟರ್ ಅಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ನಾನೂ ಬರೆಯುತ್ತೇನೆ, ಅವನೂ ಬರೆಯುತ್ತಾನೆ. ತೋಟದಲ್ಲಿ ಎಲ್ಲರೂ ನಂಬುವುದು ಅವನು ಬರೆದದ್ದನ್ನು ಮಾತ್ರ.)

ಮರುದಿನ ಹಾಸನದಲ್ಲಿ ಚೈತ್ರಳಿಗೆ ಪ್ರವೇಶ ಪರೀಕ್ಷೆ. ವರ್ಷಕ್ಕೆ ಒಂದೇ ಸಲ ಬರುವ ಪರೀಕ್ಷೆ. ಹುಡುಗಿಗೆ ಫಿಸಿಕ್ಸ್ ಹುಚ್ಚು. ಎರಡು ವರ್ಷದಿಂದ ನಮ್ಮ ಸ್ಟೋರ್‌ನಲ್ಲಿ ಕಾಫಿ ಮೂಟೆಗಳ ಮೇಲೆ ಕೂತು ಓದಿದ್ದಾಳೆ, ಯಾಕೆಂದರೆ ಇಡೀ ತೋಟದಲ್ಲಿ ಯಾರೂ ಮಾತಾಡಿಸದ ಜಾಗ ಅದೊಂದೇ. ಕೊನೆಯ ಒಂದು ತಿಂಗಳು ಮೊಬೈಲನ್ನೂ ಮುಟ್ಟಿರಲಿಲ್ಲ, ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದಳು. ‘ಹಿಂದಿನ ದಿನ ಓದಿದ್ರೆ ತಲೆ ಕೆಡುತ್ತೆ ಆಂಟಿ, ಸಿನಿಮಾ ನೋಡಣ’ ಅಂದಳು. ನೋಡಿದೆವು.

ಕಥೆ ಇಷ್ಟು. ಒಂದು ನೌಕೆ ಎಲ್ಲಿಗೋ ಹೋಗುತ್ತಿರುತ್ತದೆ. (ಈ ನೌಕೆಗಳು ಹೋಗುತ್ತಲೇ ಇರುತ್ತವೆ, ತಲುಪಿದ್ದನ್ನು ನಾನಂತೂ ಕಂಡಿಲ್ಲ.) ಕ್ಯಾಪ್ಟನ್‌ಗೆ ಒಂದು ಸಂದೇಶ ಬರುತ್ತದೆ: ‘ಅಪಾಯ, ಮುಂದೆ ಬರಬೇಡಿ.’ ಅವನು ನೌಕೆ ತಿರುಗಿಸುತ್ತಾನೆ. ತಿರುಗಿಸಿದ್ದಕ್ಕೇ ಹೋಗಿ ಒಂದು ಸುಳಿಗೆ ಬೀಳುತ್ತಾನೆ. ಸುಳಿಯೊಳಗೆ ಕಾಲ ಹಿಂದುಮುಂದು. ಗಾಬರಿಯಲ್ಲಿ ಅಲ್ಲಿಂದ ಸಂದೇಶ ಕಳಿಸುತ್ತಾನೆ: ‘ಅಪಾಯ, ಮುಂದೆ ಬರಬೇಡಿ.’ ಅದು ಯಾರಿಗೆ ಮುಟ್ಟುತ್ತದೆ ಹೇಳಿ? ಇನ್ನೂ ಸುಳಿಗೆ ಬೀಳದೆ ಆರಾಮಾಗಿ ಬರುತ್ತಿರುವ ಅವನಿಗೇ! ಅವನು ಮತ್ತೆ ತಿರುಗಿಸುತ್ತಾನೆ, ಮತ್ತೆ ಸುಳಿ. ಎರಡೂಕಾಲು ಗಂಟೆ ಇದೇ ಗಾಣ.

‘ಅಲ್ಲ ಕಣೇ, ತಾನು ಕಳಿಸಿದ ಮೆಸೇಜು ತಾನೇ ನಂಬಿ ಗಾಡಿ ತಿರುಗಿಸ್ತಾನಲ್ಲ, ಎಂಥಾ ಮೂರ್ಖ ಇವ್ನು!’ ಅಂದೆ.

‘ಟೈಮ್ ಲೂಪ್ ಆಂಟಿ. ಅದು ತನ್ನದೇ ಅಂತ ಅವ್ನಿಗೆ ಗೊತ್ತಿಲ್ಲ’ ಅಂದಳು ಚೈತ್ರ.

‘ಹೆಸರು ಬರೆದು ಕಳಿಸೋಕೇನು ರೋಗ?’

‘ಹೆಸರೂ ಬೇಡ. ಟೈಮ್ ಬರೆದಿದ್ರೆ ಸಾಕಿತ್ತು.’

ಮಂಜಣ್ಣ ಬಾಯಿಗೆ ಕಡಲೆಕಾಯಿ ಹಾಕಿಕೊಂಡು ಹೇಳಿದ: ‘ನಮ್ ಕಣನೂ ಹಂಗೇ ಅಲ್ವೇನಮ್ಮಿ? ಬೆಳಿಗ್ಗೆ ಮೆಣಸು ಹರಡೋದು, ಸಂಜೆ ಗುಡ್ಡೆ ಹಾಕೋದು, ಬೆಳಿಗ್ಗೆ ಮತ್ತೆ ಹರಡೋದು. ಇಪ್ಪತ್ತು ವರ್ಷದಿಂದ ನಾನೂ ಲೂಪಲ್ಲೇ ಇವ್ನಿ.’

‘ಮೆಣಸು ಒಣಗ್ತಾ ಹೋಗುತ್ತಲ್ಲಪ್ಪ! ಅದು ಲೂಪ್ ಅಲ್ಲ.’

ಆಮೇಲೆ ತಾತನ ಪ್ರಶ್ನೆ ಬಂತು. ಒಬ್ಬ ಹಿಂದಿನ ಕಾಲಕ್ಕೆ ಹೋಗಿ ತನ್ನ ತಾತನ ಮದುವೆಯನ್ನೇ ತಪ್ಪಿಸಿದರೆ ಅವನು ಹುಟ್ಟುವುದು ಹೇಗೆ? ಹುಟ್ಟದಿದ್ದರೆ ತಪ್ಪಿಸುವವರು ಯಾರು? ಮಂಜಣ್ಣ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದ. ‘ಊಟಕ್ಕೆ ಹೇಳ್ಬುಟ್ಟಿದ್ಮೇಲೆ ನಮ್ ಕಡೆ ಮದ್ವೆ ನಿಲ್ಸಕ್ಕೆ ಯಾರ್ ಕೈಲೂ ಆಗಲ್ಲ ಕಣಮ್ಮಿ.’ ನಕ್ಕು ನಕ್ಕು ಸಾಕಾಯಿತು. ಎಷ್ಟು ಹಗುರವಾಗಿದ್ದೆವು ಆ ಮಧ್ಯಾಹ್ನ!

ಇಲ್ಲಿ ನಮ್ಮ ಆನೆ ಗ್ರೂಪಿನ ವಿಷಯ ಹೇಳಬೇಕು. ನಮ್ಮ ತೋಟ ಬಾಳ್ಳುಪೇಟೆಯಿಂದ ಹದಿನೆಂಟು ಕಿಲೋಮೀಟರು ಒಳಗೆ. ರಸ್ತೆಯ ಇಕ್ಕೆಲದಲ್ಲೂ ತೋಟ, ತೋಟದೊಳಗೆಲ್ಲ ಆನೆ. ಕಂಡವರು ಕಂಡ ಕೂಡಲೇ ವಾಟ್ಸಾಪ್ ಗ್ರೂಪಿಗೆ ಹಾಕಬೇಕು, ಅದು ಇಲ್ಲಿಯ ಧರ್ಮ. ಬೆಳಿಗ್ಗೆ ಆ ಗ್ರೂಪ್ ನೋಡದೆ ಯಾರೂ ಗೇಟು ದಾಟುವುದಿಲ್ಲ. ಹೋದ ವರ್ಷ ನೋಡದೆ ಹೋದ ಪಕ್ಕದ ತೋಟದ ಮೇಸ್ತ್ರಿ ಪಲ್ಪರ್ ತಿರುವಿನಲ್ಲಿ ಸತ್ತ. (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಳೇ ಪಲ್ಪರ್ ಮನೆ ಅಲ್ಲಿದೆ, ಹಾಗಾಗಿ ಆ ಹೆಸರು.) ಅಂದಿನಿಂದ ಆ ತಿರುವಿನ ಹೆಸರು ಬಂದರೆ ನಾವ್ಯಾರೂ ಚರ್ಚೆ ಮಾಡುವುದಿಲ್ಲ. ಸುಮ್ಮನೆ ಗಾಡಿ ತಿರುಗಿಸುತ್ತೇವೆ.

ಭಾನುವಾರ ಗ್ರೂಪ್ ನೋಡಿಕೊಂಡೇ ಏಳಕ್ಕೆ ಹೊರಟೆವು, ಆನೆ ಸುದ್ದಿ ಇರಲಿಲ್ಲ. ಜೀಪು ಓಡಿಸುತ್ತಿದ್ದವಳು ನಾನು. ನನ್ನ ವಾಚು ಯಾವಾಗಲೂ ಹತ್ತು ನಿಮಿಷ ಮುಂದೆ. ನಮ್ಮ ಯಜಮಾನರು ‘ನೀನು ಸುಮ್ಮನೆ ಕೂತಿದ್ದನ್ನ ನಾನು ಮದುವೆ ಮಂಟಪದಲ್ಲೂ ನೋಡಲಿಲ್ಲ’ ಅನ್ನುತ್ತಾರೆ. ಪರೀಕ್ಷಾ ಕೇಂದ್ರದ ಗೇಟು ಮುಚ್ಚುವುದು ಒಂಬತ್ತೂವರೆಗೆ. ಎಂಟೂವರೆಗೆ ಅಲ್ಲಿರುತ್ತೇವೆ, ಇಡ್ಲಿ ತಿಂದು, ದೇವರಿಗೆ ಕೈ ಮುಗಿದು, ಒಂದು ಗಲಾಟೆಯೂ ಇಲ್ಲದೆ. ನನ್ನ ಲೆಕ್ಕ ಹಾಗಿತ್ತು.

ಏಳೂಕಾಲಿಗೆ, ಇಡೀ ದಾರಿಯಲ್ಲಿ ನೆಟ್‌ವರ್ಕ್ ಸಿಗುವ ಒಂದೇ ಒಂದು ದಿಬ್ಬದಲ್ಲಿ, ನನ್ನ ಫೋನು ಕಿಣಿ ಅಂದಿತು. ಪಕ್ಕದಲ್ಲಿದ್ದ ಚೈತ್ರ ಓದಿದಳು. ಬಂದದ್ದು ಆನೆ ಗ್ರೂಪಿನಿಂದಲ್ಲ, ತೋಟದ ಮಕ್ಕಳ ಶಾಲೆ ವ್ಯಾನಿನ ಗ್ರೂಪಿನಿಂದ. ಯಾರೋ ಯಾರಿಂದಲೋ ತಂದು ಹಾಕಿದ್ದು. ‘ಪಲ್ಪರ್ ತಿರುವಿನಲ್ಲಿ ಈಗ ಆನೆ ಇದೆ. ಯಾರೂ ಬರಬೇಡಿ. ಒಂಟಿ ಸಲಗ, ಜೊತೆಗೆ ಮರಿ ಇದೆ. ಎಲ್ಲರಿಗೂ ಶೇರ್ ಮಾಡಿ.’ (ಒಂಟಿ ಸಲಗದ ಜೊತೆ ಮರಿ ಎಲ್ಲಿಂದ ಬಂತು? ಆಗ ಹೊಳೆಯಲಿಲ್ಲ.) ಜೊತೆಗೊಂದು ಫೋಟೊ. ಅದು ತೆರೆದುಕೊಳ್ಳಲೇ ಇಲ್ಲ, ಬರೀ ಮಸುಕು ಮಸುಕು. ತಿರುವಿಗೆ ಇನ್ನು ಎರಡೇ ಕಿಲೋಮೀಟರು.

ಬ್ರೇಕ್ ಹಾಕಿದೆ.

‘ಯಾವಾಗಿಂದು ಅಂತ ಬರೆದಿಲ್ಲ ಆಂಟಿ. ಯಾರಿಗಾದ್ರೂ ಫೋನ್ ಮಾಡಿ ಕೇಳಣ’ ಅಂದಳು ಚೈತ್ರ.

‘ಈಗ ಅಂತ ಬರೆದಿದೆಯಲ್ಲೇ! ಇನ್ನೇನು ಬೇಕು?’

ಒಂದು ಫೋನ್ ಮಾಡಲು ಎರಡು ನಿಮಿಷ ಬೇಕಿತ್ತು. ಎರಡು ನಿಮಿಷ ಸುಮ್ಮನೆ ನಿಲ್ಲುವುದು ನನ್ನ ಜನ್ಮಕ್ಕೆ ಆಗದ ಕೆಲಸ. ಹಿಂದೆ ಕೂತಿದ್ದ ಮಂಜಣ್ಣ ‘ನೀವೆಂಗಂದ್ರೆ ಹಂಗೆ ಅಮ್ಮೋರೆ’ ಅಂದ. ಅವನ ಕೈಯಲ್ಲಿರುವುದು ಬಟನ್ ಫೋನು, ಅವನಿಗೆ ಗ್ರೂಪೂ ಇಲ್ಲ ಫೋಟೊವೂ ಇಲ್ಲ. ನಾನು ಜೀಪು ತಿರುಗಿಸಿದೆ. ಹಿಂದಿನ ದಾರಿ ಹಿಡಿದು, ಗುಡ್ಡ ಸುತ್ತಿ, ಸಕಲೇಶಪುರದ ಕಡೆಯಿಂದ ಹೈವೇ ಸೇರಿದರೆ ಮುಕ್ಕಾಲು ಗಂಟೆ ಹೆಚ್ಚಾಗುತ್ತದೆ. ಆದರೂ ಸಾಲುತ್ತಿತ್ತು. ಸಾಲದಂತೆ ಮಾಡಿದ್ದು ಹೈವೇಯಲ್ಲಿ ಅಡ್ಡ ನಿಂತ ಒಂದು ಲಾರಿ. ಅದರ ಹಿಂದೆ ಮಂಗಳೂರಿನಿಂದ ಬಂದ ಲೋಕವೆಲ್ಲ ನಿಂತಿತ್ತು. ನಾನು ಇಳಿದೆ, ಹತ್ತಿದೆ, ಹಾರ್ನ್ ಹೊಡೆದೆ, ಯಾರ‍್ಯಾರಿಗೋ ಬೈದೆ. ಚೈತ್ರ ಮಾತ್ರ ಮಡಿಲಲ್ಲಿ ಹಾಲ್ ಟಿಕೆಟ್ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು.

ತಲುಪಿದಾಗ ಒಂಬತ್ತು ನಲವತ್ತೊಂದು. ಗೇಟು ಮುಚ್ಚಿತ್ತು.

ನಾನು ಬೇಡಿಕೊಂಡೆ. ಜಗಳ ಆಡಿದೆ. ‘ಆನೆ ಇತ್ತು ಸ್ವಾಮಿ’ ಅಂದೆ. ಗೇಟಿನವನು ಪಾಪ ಒಳ್ಳೆಯವನೇ. ‘ನಿಮ್ಮನ್ನ ಬಿಟ್ರೆ ಎಲ್ಲರನ್ನೂ ಬಿಡ್ಬೇಕಾಗ್ತದೆ ಮೇಡಂ’ ಅಂದ. ಅಲ್ಲಿಗೆ ಮುಗಿಯಿತು. ಎರಡು ವರ್ಷದ ಓದಿಗೆ ಹನ್ನೊಂದು ನಿಮಿಷ ತಡ. ಇನ್ನು ಬರುವ ವರ್ಷವೇ.

ಚೈತ್ರ ಅಳಲಿಲ್ಲ. ಅತ್ತಿದ್ದರೆ ನನಗೆ ಒಳ್ಳೆಯದಿತ್ತು. ಎದುರಿನ ಟೀ ಅಂಗಡಿ ಬೆಂಚಿನ ಮೇಲೆ ಕೂತು ಹಾಲ್ ಟಿಕೆಟನ್ನು ನಾಲ್ಕಾಗಿ ಮಡಚಿದಳು. ಮಂಜಣ್ಣ ಅವಳ ತಲೆ ಸವರಿ ‘ಬುಡು ಮಗ. ಆನೆ ಇದ್ದಿದ್ರೆ? ಅಮ್ಮೋರು ತಿರುಗ್ಸಿದ್ಕೆ ಜೀವ ಉಳೀತು ಅಂದ್ಕಳಣ’ ಅಂದ. ಅವಳು ನನ್ನ ಕಡೆ ನೋಡಿ ‘ಥ್ಯಾಂಕ್ಸ್ ಆಂಟಿ’ ಅಂದಳು. ನಿಜಕ್ಕೂ ಹಾಗೇ ಅಂದಳು.

ಅಷ್ಟರಲ್ಲಿ ನನ್ನ ಫೋನಿಗೆ ಹಾಸನದ ಒಳ್ಳೆಯ ನೆಟ್‌ವರ್ಕ್ ಸಿಕ್ಕಿತ್ತು. ಬೆಳಗಿನ ಫೋಟೊ ಮೆಲ್ಲಗೆ ತೆರೆದುಕೊಂಡಿತು. ಪಲ್ಪರ್ ಮನೆ. ತಿರುವು. ಬೆನ್ನು ಹಾಕಿ ನಿಂತ ಆನೆ. ಫೋಟೊದ ಕೆಳಗಿನ ಅಂಚಿನಲ್ಲಿ ಹಸಿರು ಬಾನೆಟ್ ಒಂದರ ತುದಿ, ಅದರ ಎಡ ಮೂಲೆಯಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಆದ ತಗ್ಗು.

ನಾನು ತಲೆ ಎತ್ತಿ ನೋಡಿದೆ. ಆ ತಗ್ಗು ಎದುರಿಗೇ ಬಿಸಿಲಲ್ಲಿ ನಿಂತಿತ್ತು. ನನ್ನ ಜೀಪು.

ಮಂಗಳವಾರ ನಾನೇ ತೆಗೆದ ಫೋಟೊ. ನಾನೇ ಬರೆದ ‘ಈಗ’. ಐದು ದಿನ ಊರೂರು ಸುತ್ತಿ, ನನ್ನ ಹೆಸರು ಕಳೆದುಕೊಂಡು, ಯಾರೋ ಸೇರಿಸಿದ ಮರಿಯಾನೆಯನ್ನೂ ಜೊತೆಗೆ ಕರೆದುಕೊಂಡು ನನ್ನ ಹತ್ತಿರವೇ ವಾಪಸ್ ಬಂದಿತ್ತು. ನನಗೆ ಗುರುತು ಸಿಗಲಿಲ್ಲವೇ ಅಂತ ಕೇಳುತ್ತೀರಿ. ಐದು ದಿನದಲ್ಲಿ ಆ ಗ್ರೂಪಿನಲ್ಲಿ ಎಷ್ಟು ಆನೆ ದಾಟಿ ಹೋಗುತ್ತವೆ ಗೊತ್ತೇ? ಎಲ್ಲರೂ ಬರೆಯುವುದು ಅದೇ ಎರಡು ಸಾಲು. ಜಾಗ ಬರೆಯುತ್ತೇವೆ, ಗಂಟೆ ಬರೆಯುವುದಿಲ್ಲ. ಆನೆ ಎದುರಿಗೆ ನಿಂತಿರುವಾಗ ‘ಈಗ’ ಅನ್ನುವುದಕ್ಕಿಂತ ಸರಿಯಾದ ಮಾತು ಯಾವುದಿದೆ? ಮರುಗಳಿಗೆಗೆ ಅದು ಸುಳ್ಳಾಗುತ್ತದೆ ಅಂತ ಯಾರಿಗೆ ಹೊಳೆಯುತ್ತದೆ?

ಫೋನು ಮಗುಚಿಟ್ಟೆ. ‘ಟೀ ತಣ್ಣಗಾಗ್ತದೆ, ಕುಡೀರಿ’ ಅಂದೆ. ಅಷ್ಟೇ. ನಾನು ಹೇಳಲಿಲ್ಲ.

ಹೇಳದೇ ಇರುವುದಕ್ಕೆ ಕಾರಣಗಳನ್ನು ಹುಡುಕಿದೆ. ಫೋಟೊ ಹಳೆಯದಾದರೇನು, ಭಾನುವಾರವೂ ಆನೆ ಅಲ್ಲೇ ಇದ್ದಿರಬಹುದಲ್ಲ? ಎಚ್ಚರಿಕೆ ಅನ್ನುವುದರ ತಮಾಷೆಯೇ ಇದು. ಅದು ಫಲಿಸಿದರೆ ಏನೂ ಆಗುವುದಿಲ್ಲ. ಏನೂ ಆಗದಿದ್ದರೆ ಅದು ಬೇಕಿತ್ತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಹೋಗಿದ್ದರೆ ಗೊತ್ತಾಗುತ್ತಿತ್ತು, ಗೊತ್ತಾಗುವ ಹೊತ್ತಿಗೆ ನಾವು ಇರುತ್ತಿರಲಿಲ್ಲವೋ ಏನೋ. ಇದನ್ನು ಹಿಡಿದುಕೊಂಡು ಒಂದು ದಿನ ದೂಡಿದೆ.

ಸೋಮವಾರ ಬೆಳಿಗ್ಗೆ ತಡೆಯಲಾಗದೆ ತಿರುವಿಗೆ ಹೋದೆ. ಲದ್ದಿ ನೋಡಿದರೆ ಆನೆ ಯಾವಾಗ ಬಂದಿತ್ತೆಂದು ನಮ್ಮ ಕಡೆ ಮಕ್ಕಳೂ ಹೇಳುತ್ತಾರೆ. ಒಣಗಿ ಪುಡಿಪುಡಿಯಾಗಿತ್ತು, ಕಾಲಲ್ಲಿ ಒದ್ದರೆ ನಾರು ಹಾರಿತು. ಸುತ್ತ ಹೊಸತು ಒಂದು ಉಂಡೆಯೂ ಇಲ್ಲ, ಮುರಿದ ಕೊಂಬೆ ಇಲ್ಲ, ಹೆಜ್ಜೆ ಇಲ್ಲ. ಭಾನುವಾರ ಪಲ್ಪರ್ ತಿರುವಿನಲ್ಲಿ ಯಾರೂ ಇರಲಿಲ್ಲ, ಕಾಫಿ ಹೂವಿನ ವಾಸನೆ ಬಿಟ್ಟರೆ.

ಆಗಲಾದರೂ ಹೇಳಿದೆನೇ? ಇಲ್ಲ. ಮಂಗಳವಾರ ಚೈತ್ರ ಬಂದು ‘ಮೊಬೈಲ್ ಕೊಡಿ ಆಂಟಿ, ಇನ್ನೇನು’ ಅಂದಳು. ಕೊಟ್ಟೆ. ಮಂಜಣ್ಣ ಕಣದಲ್ಲಿ ಮೆಣಸು ಹರಡುತ್ತಿದ್ದರೆ ನಾನು ಸ್ಟೋರ್ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಿದ್ದೆ. ನಮ್ಮದೇ ತೋಟದಲ್ಲಿ, ಕಳ್ಳಿಯ ಹಾಗೆ!

ಗುರುವಾರ ಫೋಟೊ ಮತ್ತೆ ಬಂತು. ಮತ್ತೆ ‘ಈಗ’. ಅದನ್ನು ನಂಬಿ ಶಾಲೆ ವ್ಯಾನು ಅರ್ಧ ದಾರಿಯಿಂದ ಬಾಳ್ಳುಪೇಟೆಗೆ ವಾಪಸ್ ಹೋಯಿತು. ಇತ್ತ ನಮ್ಮ ಆಳುಗಳ ಲೈನ್ ಮನೆಗಳ ಮಕ್ಕಳು ಒಂದು ಗಂಟೆ ರಸ್ತೆ ಬದಿಯಲ್ಲಿ, ಅದೂ ಆನೆ ಓಡಾಡುವ ರಸ್ತೆ ಬದಿಯಲ್ಲಿ ನಿಂತಿದ್ದವು. ಶುಕ್ರವಾರ ಅಂಗಡಿಯಲ್ಲಿ ಯಾರೋ ಫೋನು ತೋರಿಸಿ ‘ಪಲ್ಪರ್ ತಿರುವಾ? ಥೂ ಬುಡ್ರೀ, ಅದು ಡೈಲಿ ಬತ್ತದೆ’ ಅಂತ ನಗುತ್ತಿದ್ದ. ನಾಳೆ ನಿಜವಾದ ‘ಈಗ’ ಬಂದರೆ? ಆಗಲೂ ಇವನು ಹೀಗೇ ನಗುತ್ತಾ ಬೈಕ್ ಹತ್ತಿದರೆ?

ಕ್ಯಾಪ್ಟನ್ ನೆನಪಾದ. ನಾನು ಅವನಿಗಿಂತ ಕೀಳು ಅನ್ನಿಸಿತು. ಸಂದೇಶ ತನ್ನದು ಅಂತ ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಅದನ್ನು ಸುತ್ತಲು ಬಿಟ್ಟಿದ್ದೆ. ಯಾವ ಸುಳಿಯೂ ಇಲ್ಲ, ಹಿಂದುಮುಂದಾದ ಕಾಲವೂ ಇಲ್ಲ. ನನ್ನ ಮಾನ ಉಳಿಸಿಕೊಳ್ಳುವ ಆಸೆ ಒಂದೇ.

ಅಂಗಡಿಯ ಮುಂದೆಯೇ ನಿಂತು ಆನೆ ಗ್ರೂಪಿಗೂ ವ್ಯಾನಿನ ಗ್ರೂಪಿಗೂ ಬರೆದೆ: ‘ಪಲ್ಪರ್ ತಿರುವಿನ ಈ ಫೋಟೊ ಹಳೆಯದು. ದಯವಿಟ್ಟು ಇನ್ನು ಯಾರೂ ಕಳಿಸಬೇಡಿ. ತೆಗೆದವಳು ನಾನು, ಈಗ ಅಂತ ಬರೆದವಳೂ ನಾನೇ. ಇದನ್ನೇ ನಂಬಿ ಜೀಪು ತಿರುಗಿಸಿ ನಮ್ಮ ಚೈತ್ರಳ ಪರೀಕ್ಷೆ ತಪ್ಪಿಸಿದವಳೂ ನಾನೇ. ಆವತ್ತು ಅಲ್ಲಿ ಆನೆ ಇರಲಿಲ್ಲ. ಮಂಜಣ್ಣ, ಚೈತ್ರ, ತಪ್ಪಾಯಿತು.’

ಕಳಿಸಿಬಿಟ್ಟೆ. ನೀಲಿ ಟಿಕ್‌ಗಳು ಬೀಳತೊಡಗಿದವು. ಯಾರೋ ಕೈ ಮುಗಿದ ಚಿತ್ರ ಹಾಕಿದರು. ಯಾರೋ ಹೆಬ್ಬೆರಳು. ನಾನು ರಸ್ತೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ. ಹತ್ತು ನಿಮಿಷ ಬಿಟ್ಟು ಚೈತ್ರಳಿಂದ ಬಂತು, ಗ್ರೂಪಿಗಲ್ಲ, ನನಗೊಬ್ಬಳಿಗೇ.

‘ನಿಮಗೆ ಯಾವಾಗ ಗೊತ್ತಾಯ್ತು ಆಂಟಿ? ಟೈಮ್ ಬರೆದಿಲ್ಲ.’

ಆವತ್ತು ನನ್ನ ವಾಚು ತೋರಿಸಿದ್ದರಲ್ಲಿ ಹತ್ತು ನಿಮಿಷ ಕಳೆದೆ. ಸರಿಯಾದ ಗಂಟೆಯನ್ನೇ ಟೈಪ್ ಮಾಡಿದೆ: ಭಾನುವಾರ, ಬೆಳಿಗ್ಗೆ ಒಂಬತ್ತು ಐವತ್ತು, ನೀನು ಥ್ಯಾಂಕ್ಸ್ ಹೇಳಿದ ಮರುಗಳಿಗೆ.