ತಿಕ್ಕಿ ತೊಳೆದ ರೂಪಾಯಿ

ಸೊಸೆ ಹಿತ್ತಲಲ್ಲಿ ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಳೆ. ಆ ಹುಳಿ ವಾಸನೆ ನನ್ನ ಕೋಣೆಯವರೆಗೆ ಬಂತೆಂದರೆ ಮುಂದೆ ಪೇಪರು ಓದಿದರೂ ತಲೆಗೆ ಹೋಗುವುದಿಲ್ಲ.

ನಾನು ವ್ಯಾಯಾಮ ಶಿಕ್ಷಕನಾಗಿದ್ದವನು. ಬೆಳಗಿನ ಐದಕ್ಕೆ ಏಳುವುದು, ಶನಿವಾರ ಬೂಟು, ಬೆಲ್ಟಿನ ಬಿಲ್ಲೆ, ಸೀಟಿ ಎಲ್ಲವನ್ನೂ ಹೊಳೆಯುವಂತೆ ತಿಕ್ಕುವುದು ಇವತ್ತಿಗೂ ತಪ್ಪಿಲ್ಲ. ಇಂಥವನಿಗೆ ಹಳೆಯ ಬೆಳ್ಳಿ ನಾಣ್ಯಗಳ ಹುಚ್ಚು ಹೇಗೆ ಹತ್ತಿತು ಎಂದು ಕೇಳುತ್ತೀರಿ. ಇಸವಿಯ ಪ್ರಕಾರ ಸಾಲಾಗಿ ನಿಲ್ಲುತ್ತವೆ, ಮಾತಾಡುವುದಿಲ್ಲ. ಮಕ್ಕಳಿಗಿಂತ ವಾಸಿ. ಆದರೆ ನನ್ನಲ್ಲಿದ್ದವೆಲ್ಲ ಸವೆದವು. ಸಂತೆ ಸುತ್ತಿ ಸುತ್ತಿ ಮೇಲಿನ ಬ್ರಿಟಿಷ್ ರಾಣಿಯ ಮೂಗೇ ಹೋಗಿತ್ತು. ಕೆಲವಕ್ಕೆ ಸರ ಮಾಡಿಕೊಳ್ಳಲು ಕಿವಿ ಬೆಸೆದಿದ್ದರು.

ಆಗ ಮೂಡಲಗಿಯ ಶಾಲೆಯಲ್ಲಿದ್ದೆ. ಎದುರು ಮನೆಯ ಪದ್ಮಾಬಾಯಿ, ಊರಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಒಂದು ದಿನ ಕರೆದು ರೇಷ್ಮೆ ಚಿಂದಿಯ ಗಂಟು ಬಿಚ್ಚಿದರು. ಒಳಗೊಂದು ರಾಣಿ ಛಾಪಿನ ರೂಪಾಯಿ. ಅವರ ಅಜ್ಜಿ ತನ್ನ ಮದುವೆಯಲ್ಲಿ ಬಂದದ್ದನ್ನು ಮದುವೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳಂತೆ. ಯಾರೂ ಖರ್ಚು ಮಾಡಿಲ್ಲ, ಪೂಜೆಗೂ ಇಟ್ಟಿಲ್ಲ. ರಾಣಿಯ ಕೂದಲಿನ ಎಳೆ ಎಣಿಸಬಹುದಿತ್ತು. ಮೈಮೇಲೆ ಮಾತ್ರ ನೀಲಿ ಬೆರೆತ ಕಂದು ಬಣ್ಣ, ಅದರಲ್ಲಿ ಬಟ್ಟೆಯ ನೇಯ್ಗೆ ಗೆರೆಗೆರೆಯಾಗಿ ಮೂಡಿತ್ತು.

“ಹುಕ್ಕೇರಿ ಗೌಸ್ ಸಾಹೇಬರಿಗೆ ತೋರಿಸ್ಕೊಂಡ ಬರ್ರಿ ಮಾಸ್ತರ. ಮೊಮ್ಮಗಳಿಗೆ ಕೊಡೂದೈತಿ, ಎಂಥಾದ್ದು ಅಂತ ಗೊತ್ತಾಗ್ಲಿ. ನಿಮ್ಮ ಕೈಯಾಗ ಕೊಟ್ರ ತಿಜೋರ್ಯಾಗ ಇಟ್ಟಂಗ.”

ಗೌಸ್ ಸಾಹೇಬರು ಹಳೆ ಬೆಳ್ಳಿಯ ವ್ಯಾಪಾರಿ. ಕರಗಿಸುವ ಮೊದಲು ಒಳ್ಳೆಯ ನಾಣ್ಯಗಳನ್ನು ಆರಿಸಿ ತೆಗೆದಿಡುತ್ತಿದ್ದರು.

ಮರುದಿನ ಶನಿವಾರ. ತಪಾಸಣೆಗೆ ನಿಲ್ಲುವ ಹುಡುಗನ ಮುಖ ತೊಳೆಸುವುದು ನನ್ನ ಧರ್ಮ. ನನ್ನ ನಾಣ್ಯಗಳನ್ನೆಲ್ಲ ಹಾಗೇ ತೊಳೆಯುತ್ತಿದ್ದೆ. ಬೂಟಾಯಿತು, ಬಿಲ್ಲೆಯಾಯಿತು, ಕಾಕುವಿನ ರೂಪಾಯಿಗೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಕನ್ನಡಿಯಂತಾಯಿತು. ಖುಷಿಯಿಂದ ಬಸ್ಸು ಹತ್ತಿದೆ.

ಗೌಸ್ ಸಾಹೇಬರು ಮಸೂರ ಕಣ್ಣಿಗಿಟ್ಟು ನೋಡಿ, ನಾಣ್ಯವನ್ನು ತಕ್ಕಡಿಯ ಪಕ್ಕ ಇಟ್ಟರು.

“ಯಾರ ತಿಕ್ಕಿದ್ರಿ ಇದನ್ನ?”

“ನಾನರಿ. ಹೊಲಸಾಗಿತ್ತು.”

“ಹೊಲಸಲ್ರಿ ಮಾಸ್ತರ, ಅದು ಅದರ ಚರ್ಮ. ಸುಲದ ತಂದೀರಿ. ಇಂಥಾ ರೂಪಾಯಿ ಜೀವಮಾನದಾಗ ಒಂದೂ ಕಂಡಿದ್ದಿಲ್ಲ. ಈಗೂ ಕಂಡಂಗಾಗ್ಲಿಲ್ಲ ನೋಡ್ರಿ.”

ವಾಪಸು ಬರುವಾಗ ಧುಪದಾಳ ದಾಟುವವರೆಗೂ ಲೆಕ್ಕ ಹಾಕಿದೆ. ಬೆಳ್ಳಿ ಹೊಳೆಯುತ್ತಿದೆ, ಕಾಕು ಸಂತೋಷಪಟ್ಟಾರು, ಸುಮ್ಮನಿದ್ದರಾಯಿತು. ಆದರೆ ಅವರ ಮನೆ ಹೊಸ್ತಿಲು ದಾಟಿದ ಮೇಲೆ ಬಾಯಿ ಸುಮ್ಮನಿರಲಿಲ್ಲ. ನಡೆದದ್ದೆಲ್ಲ ಹೇಳಿದೆ.

ಕಾಕು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಬದಿ ತಿರುಗಿಸಿದರು.

“ಅಜ್ಜಿ ಸೀರಿ ಗೆರಿ ಎಲ್ಲಿ ಹೋದುವ್ರಿ?”

ಅವರು ಅದೇ ಚಿಂದಿಯಲ್ಲಿ ನಾಣ್ಯ ಸುತ್ತಿ ಗಂಟು ಹಾಕಿದರು.

“ಬಟ್ಟಿ ಐತಲ್ಲ, ಮತ್ತ ಇಡೂಣು. ಗೆರಿ ಮತ್ತ ಮೂಡ್ತಾವ, ನಮ್ಮ ಕಣ್ಣಿಗೆ ಕಾಣಂಗಿಲ್ಲ, ಅಷ್ಟ. ನೀವು ಮಾತ್ರ ನಮ್ಮ ಮನಿ ಭಾಂಡಿ-ಪಾತ್ರಿ ಕಡೆ ಹಾಯಬ್ಯಾಡ್ರಿ.” ನಗಲು ಹೋದರು, ನಗು ಪೂರ್ತಿಯಾಗಲಿಲ್ಲ.

ಕಾಕು ತೀರಿಕೊಂಡು ಬಹಳ ವರ್ಷವಾಯಿತು. ನಾನೀಗ ಗೋಕಾಕದಲ್ಲಿದ್ದೇನೆ, ನನ್ನ ಪೆಟ್ಟಿಗೆಯ ನಾಣ್ಯಗಳಿಗೆ ಶನಿವಾರವಿಲ್ಲ. ಹೋದ ವಾರ ಮೂಡಲಗಿಗೆ ಹೋಗಿದ್ದಾಗ ಅವರ ಮೊಮ್ಮಗಳು ಗಂಟು ಬಿಚ್ಚಿದಳು. ನಾಣ್ಯದ ಅಂಚಿನಲ್ಲಿ, ಅಕ್ಕಿಕಾಳಿನಷ್ಟು ಜಾಗದಲ್ಲಿ, ತೆಳುವಾಗಿ ಹಳದಿ ಹತ್ತಿತ್ತು. ಗೆರೆಯೋ ಅಲ್ಲವೋ, ನನ್ನ ಕಣ್ಣು ನಂಬುವ ವಯಸ್ಸಲ್ಲ.

“ಕೈಯಾಗ ಹಿಡದ ನೋಡ್ರಿ ಅಜ್ಜಾರ,” ಎಂದಳು.

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿ ನೋಡಿದೆ.