ಅಳತೆಯಣ್ಣನ ತಪ್ಪದ ಅಳತೆ

ಹೊಲಗಳಿಗೆ ಕಳೆನಾಶಕ ಹೊಡೆಯುವುದು ಅವನ ಕಸುಬು. ಎಲ್ಲರ ಬಾಯಲ್ಲೂ ಅವನು ಅಳತೆಯಣ್ಣ. ಅಳತೆಯ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಉಸಿರು ಬಿಗಿಹಿಡಿದು ಗೆರೆ ನೋಡಿದ ಮೇಲೆಯೇ ಸಿಂಪಡಿಸುವ ಕ್ಯಾನಿಗೆ ಸುರಿಯುವನು. ಇಪ್ಪತ್ತು ವರ್ಷಗಳಲ್ಲಿ ಅವನ ಅಳತೆಯತ್ತ ಯಾರೂ ಬೊಟ್ಟು ಮಾಡಿರಲಿಲ್ಲ.

ಕೊನೆಗೆ ಬೊಟ್ಟು ಮಾಡಿದವಳು ಒಡಹುಟ್ಟಿದ ಅಕ್ಕ.

ಅಕ್ಕನ ಮೆಕ್ಕೆಜೋಳದ ಹೊಲದಲ್ಲಿ ಮೇಲಿನ ತುಂಡು ಮರಳುಮಣ್ಣು. ಕೆಳಗಿನದು ವರ್ಷವರ್ಷವೂ ಗೊಬ್ಬರ ತಿಂದು ಕಪ್ಪಗಾದದ್ದು. ಅಳತೆಯಣ್ಣ ಒಂದೇ ದಿನ, ಒಂದೇ ಅಳತೆಯಲ್ಲಿ ಎರಡಕ್ಕೂ ಹೊಡೆದ. ಮೇಲೆ ಕಳೆ ಹೇಳಹೆಸರಿಲ್ಲದಂತಾಯಿತು. ಕೆಳಗೆ ಮೊಣಕಾಲುದ್ದ ಬೆಳೆದು ಅವನನ್ನೇ ಅಣಕಿಸಿತು.

"ಕೆಳಗೆ ಬರೋಷ್ಟರಲ್ಲಿ ಬರೀ ನೀರು ಹೊಡೆದ್ಯೇನೋ?"

"ಅಕ್ಕಾ, ನಿನಗೇ ಮೋಸ ಮಾಡ್ತೀನಾ?"

ಮನಸ್ಸು ತಡೆಯದೆ ಕೆಳಗಿನ ತುಂಡಿಗೆ ಇನ್ನೊಂದು ಸಲ ಹೊಡೆದ. ಆಗಲೂ ಕಳೆ ಅರೆಬರೆ ಸತ್ತಿತು. ಕೊಯ್ಲಾದ ಮೇಲೆ ಅಕ್ಕ, ಮಣ್ಣು ಹುಳಿಯಾಗಿದೆಯೆಂದು ಅಲ್ಲಿಗೆ ಸುಣ್ಣ ಹಾಕಿಸಿ ಹುರುಳಿಕಾಯಿ ಬಿತ್ತಿದಳು. ನಾಲ್ಕೆಲೆ ಬರುವಷ್ಟರಲ್ಲಿ ಸಸಿಗಳು ಹಳದಿಯಾಗಿ ಅಂಚು ಸುಟ್ಟುಕೊಂಡವು.

"ನಿನ್ನ ಔಷಧೀನೇ ಸುಟ್ಟಿರೋದು! ಆಗ ಕಮ್ಮಿ, ಈಗ ಜಾಸ್ತಿ! ನಿನ್ನ ಅಳತೆಗೆ ತಲೆಬುಡ ಇದೆಯೇನೋ? ಮುಂದಿನ ಸಲ ಬೇರೆಯವರನ್ನ ಕರೀತೀನಿ."

ಕಳೆಯನ್ನು ಕೊಲ್ಲಲಾರದ ಔಷಧಿ, ತಿಂಗಳುಗಳ ಮೇಲೆ ಬೆಳೆಯನ್ನು ಕೊಲ್ಲುವುದೆಂದರೇನು? ಅವನು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದ. ಗೆರೆಗಳು ಇದ್ದಲ್ಲೇ ಇದ್ದವು. ದಿನಸಿ ಅಂಗಡಿಗೆ ಹೋಗಿ ಲೋಟದ ತುಂಬ ನೀರು ತೂಗಿಸಿದ.

"ಏನಣ್ಣಾ, ನೀರನ್ನೂ ಕೇಜಿ ಲೆಕ್ಕದಲ್ಲಿ ಕುಡೀತೀಯಾ?" ಎಂದು ಅಂಗಡಿಯವನು ನಕ್ಕ. ತೂಕ ಸರಿಯಾಗಿತ್ತು, ತಲೆ ಇನ್ನಷ್ಟು ಕೆಟ್ಟಿತು.

ಎರಡೂ ತುಂಡುಗಳಿಂದ ಒಂದೊಂದು ಚೀಲ ಮಣ್ಣು ಹೊತ್ತು ಮಣ್ಣುಪರೀಕ್ಷೆಯವರ ಬಳಿ ಹೋದ. ಅಲ್ಲಿನ ಮೇಡಂ ನಡೆದದ್ದನ್ನೆಲ್ಲ ಕೇಳಿ, ಮಣ್ಣು ಪರೀಕ್ಷಿಸಿ ಹೇಳಿದರು: "ಗೊಬ್ಬರ ಹೆಚ್ಚಿರೋ ಮಣ್ಣು ಈ ಔಷಧೀನ ಹಿಡ್ಕೊಂಡುಬಿಡುತ್ತೆ. ಹುಳಿಯಿದ್ರೆ ಹಿಡಿತ ಇನ್ನೂ ಗಟ್ಟಿ. ಕಳೆಯ ಬೇರಿಗೆ ಸಿಗಲ್ಲ. ಸುಣ್ಣ ಬಿದ್ದಾಗ ಹುಳಿ ಇಳೀತು, ಹಿಡಿತ ಸಡಿಲವಾಯ್ತು. ನೀವು ಎರಡು ಸಲ ಹೊಡೆದದ್ದು ಆಗ ಹೊರಗೆ ಬಂತು."

"ಹಾಗಾದ್ರೆ ನನ್ನ ಅಳತೆ ಸರಿಯಾ, ತಪ್ಪಾ?"

"ಲೋಟದಲ್ಲಿ ಸರಿ. ಮಣ್ಣನ್ನ ಕೇಳದೆ ಎರಡನೇ ಸಲ ಹೊಡೆದದ್ದು ತಪ್ಪು."

ಸರಿಯೂ ತಪ್ಪೂ ಒಂದೇ ಲೋಟದಲ್ಲಿ ಹೇಗೆ ಹಿಡಿಸುತ್ತವೆ? ಅರ್ಧ ತಿಳಿದು, ಅರ್ಧ ತಿಳಿಯದೆ ಅಕ್ಕನ ಮನೆಗೆ ಬಂದು ಕೇಳಿದ್ದನ್ನೆಲ್ಲ ತೊದಲಿದ.

"ಸರಿ, ಇನ್ಮೇಲೆ ಕೆಳಗಿನ ತುಂಡಿಗೆ ಎಷ್ಟು ಹಾಕಬೇಕು?"

ಪ್ರಶ್ನೆ ಮುಗಿಯುವ ಮೊದಲೇ ಲೆಕ್ಕ ಒಪ್ಪಿಸುತ್ತಿದ್ದವನು ಲೋಟ ನೋಡಿದ, ನೆಲ ನೋಡಿದ.

"ಗೊತ್ತಿಲ್ಲ ಅಕ್ಕಾ. ಕೇಳ್ಕೊಂಡು ಬರಬೇಕು."

ಅಕ್ಕ ಅವನ ಮುಖವನ್ನೇ ದಿಟ್ಟಿಸಿದಳು. "ಹಾಗಾದ್ರೆ ಬೇರೆಯವರು ಬೇಡ, ನೀನೇ ಹೊಡಿ," ಎಂದು ಕ್ಯಾನನ್ನು ಅವನ ಕಡೆ ಸರಿಸಿದಳು.

ಯಾಕೆಂಬುದೂ ಅವನಿಗೆ ತಿಳಿಯಲಿಲ್ಲ.