ಹೊಗೆಸೊಪ್ಪು ಉಜ್ಜಿದ ಗಾಜು

ಮೊನ್ನೆ ಮಳೆಯಲ್ಲಿ ಮೊಮ್ಮಗನ ಕಾರಿನ ಗಾಜಿಗೆ ಒಳಗಡೆ ಹಬೆ ಕಟ್ಟಿತು. ನನ್ನ ಮೂಗಿಗೆ ಅಪ್ಪನ ಬಸ್ಸಿನ ವಾಸನೆ ಬಂತು.

ಅಪ್ಪ ಮದ್ದೂರು–ಮಳವಳ್ಳಿ ಬಸ್ಸಿನ ಡ್ರೈವರು. ಮಳೆ ಬಂದರೆ ನಾನು ಪಕ್ಕದಲ್ಲಿ ಕೂತು, ನನ್ನ ಅಜ್ಜಿಯ ಎಲಡಿಕೆ ಚೀಲದ ಹೊಗೆಸೊಪ್ಪನ್ನು ಒದ್ದೆ ಮಾಡಿ ಗಾಜಿಗೆ ಉಜ್ಜುತ್ತಿದ್ದೆ. ಉಜ್ಜಿದರೆ ಹಬೆ ಹಿಡಿಯುತ್ತಿರಲಿಲ್ಲ.

ಒಮ್ಮೆ ತಾಲ್ಲೂಕಿನ ಅಮಲ್ದಾರರು ಹತ್ತಿದರು. "ಹೆಣ್ಣು ಹುಡುಗಿಗೆ ಮುಂದಿನ ಸೀಟು ಯಾಕೆ? ಹಿಂದೆ ಕಳಿಸು" ಅಂದರು. ಹೋದೆ, ಹೊಗೆಸೊಪ್ಪನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ. ನನ್ನ ಜಾಗದಲ್ಲಿ ಅವರು ಕೂತರು. ಊರು ದಾಟುವಷ್ಟರಲ್ಲಿ ಗಾಜು ಬೆಳ್ಳಗಾಯಿತು. ಅಪ್ಪ ಬಸ್ಸು ನಿಲ್ಲಿಸಿದ.

"ರಸ್ತೆ ಕಾಣಾಕಿಲ್ಲ ಬುದ್ಧಿ. ನೀವೇ ಉಜ್ತೀರಾ, ಇಲ್ಲ ನನ್ ಮಗಳ ಜಾಗ ಬುಡ್ತೀರಾ?"

ಅಮಲ್ದಾರರು ಎದ್ದು ಹಿಂದೆ ಹೋದರು.

"ಹಿಂದೆ ಆರಾಮಾಗಿ ಕೂತ್ಕೋಬಾರ್ದಾ ಅಜ್ಜಿ?" ಅಂದ ಮೊಮ್ಮಗ, ಕಾರಿನ ಮುಂದಿನ ಸೀಟಲ್ಲಿ ಕೂತಿದ್ದ ನನಗೆ.

"ನೀನು ರಸ್ತೆ ನೋಡ್ಲಾ" ಅಂದು, ನನ್ನ ಎಲಡಿಕೆ ಚೀಲದಿಂದ ಹೊಗೆಸೊಪ್ಪು ತೆಗೆದೆ.